ಹಿಂದಿನ ಪ್ರಕರಣಗಳು

ಕೇಳುವ ಮೊದಲು
ಕೇಳಬಹುದೇ ಎಂದು ಕೇಳಬೇಕಂತೆ.
ಅದಕ್ಕೇ ಬೇರೆ ಅರ್ಜಿ.
ಗ್ರಿಮ್ಸ್‌ಬಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ
ಮಂಗಳವಾರ ಪುಕ್ಕಟೆ ಕಾನೂನು ಹೇಳುವ ಹುಡುಗಿ,
ನೆಗಡಿ ಹಿಡಿದ ಇಮೋಜೆನ್,
ಮೂರು ಸಲ ಬಿಡಿಸಿ ಹೇಳಿದಳು:
ಅಪ್ಪನಿಗೆ ನೇರ ಕೋರ್ಟಿನ ಬಾಗಿಲು,
ಅಮ್ಮನಿಗೂ ಅಷ್ಟೆ.
ಅಜ್ಜಿಗೆ ಮಾತ್ರ
ಬಾಗಿಲಿಗೂ ಮುಂಚೆ ಇನ್ನೊಂದು ಬಾಗಿಲು.

ಹಾಗಾದರೆ ನನಗೆ ಹಕ್ಕೇ ಇಲ್ಲವೆ?
ಇಲ್ಲ, ಮಿಸೆಸ್ ಆಸ್ಗರ್ಬಿ,
ಹಕ್ಕೇನಿದ್ದರೂ ಮಗುವಿನದು.

ಮಗು ಎಂದರೆ ಬ್ರೋಡಿ. ಐದು ವರ್ಷ, ನಾಲ್ಕು ತಿಂಗಳು.
ಶೂ ಲೇಸು ಕಟ್ಟಲೂ ಬಾರದವನ ಕೈಗೆ
ಹಕ್ಕನ್ನು ಕೊಟ್ಟು ಕೂರಿಸಿದ್ದಾರೆ,
ಬೀಳಿಸಬೇಡ, ಗಟ್ಟಿಯಾಗಿ ಹಿಡಿದುಕೋ ಎಂದು.

'ಮಗುವಿಗೂ ನಿಮಗೂ ಇರುವ ಸಂಬಂಧ.'
ಚೌಕ ನನ್ನ ಹೆಬ್ಬೆಟ್ಟಿನಷ್ಟೇ ಅಗಲ.
ಆ ಹೆಬ್ಬೆಟ್ಟನ್ನೇ ಒತ್ತಿಬಿಡೋಣವೆಂದರೆ
ಮೂವತ್ತೊಂದು ವರ್ಷ ಹಡಗುಕಟ್ಟೆಯ ಶೆಡ್ಡಿನಲ್ಲಿ
ಹ್ಯಾಡಕ್ ಮೀನು ಸೀಳಿ ಸೀಳಿ
ಉಪ್ಪಿಗೆ, ಐಸಿಗೆ ಗೆರೆಗಳೆಲ್ಲ ಸವೆದಿವೆ.
ಗೇಟಿನ ಯಂತ್ರ ಎರಡು ಸಲ
ನಾನು ನಾನಲ್ಲ ಎಂದಿತ್ತು.
ಆದರೂ ಕಣ್ಣಿಗೆ ಕಾಣದ ಮುಳ್ಳು ಇದಕ್ಕೆ ಸಿಗುತ್ತದೆ.
ಭಾನುವಾರ ಬ್ರೋಡಿಯ ತಟ್ಟೆಯ ಮೀನಿನ ಮೇಲೆ
ತಲೆಯಿಂದ ಬಾಲದವರೆಗೆ ಹೆಬ್ಬೆಟ್ಟು ಎಳೆದು
ಒಂದೂ ಇಲ್ಲ ಅನ್ನುತ್ತಿದ್ದೆ.
ಇನ್ನೊಂದ್ಸಲ ನೋಡು, ಅನ್ನುತ್ತಿದ್ದ.
ನೋಡುತ್ತಿದ್ದೆ. ಆಮೇಲಷ್ಟೆ ಬಾಯಿ ತೆರೆಯುತ್ತಿದ್ದ.
ಇದನ್ನು ಯಾವ ಚೌಕದಲ್ಲಿ ಬರೆಯಲಿ?

ನನ್ನ ಮಗ ಕೀರನ್ ಮನೆ ಬಿಟ್ಟ.
ತಪ್ಪು ಅವನದೇ.
ಶೆಲ್ಬಿ ಫೋನು ಮಾಡಿ ಎಲ್ಲ ಹೇಳಿ
ಕಾದಳು, ನಾನೊಂದು ಮಾತು ಆಡಲೆಂದು.
ನಾಲ್ಕು ಉಸಿರಿನಷ್ಟು ಹೊತ್ತು ಕಾದಳು, ಎಣಿಸಿದ್ದೇನೆ.
ಎಷ್ಟಾದರೂ ಹೊಟ್ಟೆಯ ಮಗನಲ್ಲವೆ, ಎಂದೆ.
ಅಲ್ಲಿಗೆ ಭಾನುವಾರಗಳು ಮುಗಿದವು.

ಹನ್ನೊಂದನೆಯ ಪುಟ:
'ಹಿಂದಿನ ಪ್ರಕರಣಗಳಿದ್ದರೆ ವಿವರಿಸಿ.'
ಇಲ್ಲ ಎಂದು ಬರೆದೆ.
ಬರೆದ ಶಾಯಿ ಆರುವ ಮುಂಚೆ
ಇಮಿಂಗ್‌ಹ್ಯಾಮಿನಿಂದ ಬಸ್ಸು ಹತ್ತಿ ಬಂದಳು ವಿನಿಫ್ರೆಡ್,
ನನ್ನ ಮೊದಲ ಗಂಡನ ತಾಯಿ,
ನೀಲಿ ಕೋಟು, ಕೈಯಲ್ಲಿ ಕೊಡೆ.
ಕೀರನ್‌ಗೆ ಆಗ ಐದೇ ವರ್ಷ.
ಮಬ್ಬು ಗಾಜಿನಾಚೆ ಅವಳ ನೆರಳು ನಿಂತಿತು,
ಬೆಲ್ಲು ಒಮ್ಮೆ, ಮತ್ತೊಮ್ಮೆ.
ನಾನು ಅವನನ್ನು ಎಳೆದುಕೊಂಡು ಮೇಜಿನಡಿ ಕುಳಿತು
ತುಟಿಯ ಮೇಲೆ ಬೆರಳಿಟ್ಟೆ:
ಇದೊಂದು ಆಟ ಮಗಾ,
ಉಸಿರಾಡಿದವರು ಸೋತರು.
ಟಪಾಲಿನ ಕಿಂಡಿ ಮೇಲೆದ್ದಿತು.
ಎರಡು ಬೆರಳು ಒಳಬಂದವು,
ಐದು ಪೌಂಡಿನ ನೋಟೊಂದು ಚಾಪೆಗೆ ಬಿತ್ತು.
ಬೆರಳುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು.

ಆ ನೋಟು ಕರೆಂಟಿನ ಮೀಟರಿಗೆ ಹೋಯಿತು.
ಆ ಪ್ರಕರಣಕ್ಕೆ ನಂಬರಿಲ್ಲ, ವಾಯಿದೆಯಿಲ್ಲ,
ಅವಳು ಯಾರ ಅನುಮತಿ ಕೇಳಬೇಕಿತ್ತೋ
ಅವಳಿಗೂ ಗೊತ್ತಿರಲಿಲ್ಲ.
ಆಟದಲ್ಲಿ ಗೆದ್ದವನು ಕೀರನ್.
ಚೆನ್ನಾಗಿ ಕಲಿತ: ಈಗ ನನ್ನ ಫೋನೂ ಎತ್ತುವುದಿಲ್ಲ.

ಏನಾದರೂ ಸೇರಿಸಬೇಕೆ? ಇಮೋಜೆನ್ ಕೇಳಿದಳು,
ಮೂಗೊರೆಸಿಕೊಳ್ಳುತ್ತ.
ಒಂದು ಖಾಲಿ ಹಾಳೆ ಕೊಡು ತಾಯಿ, ಎಂದೆ.
ಶೆಲ್ಬಿಗೆ ಎರಡೇ ಸಾಲು:
ತಪ್ಪು ಕೀರನ್‌ನದು.
ಅವತ್ತೇ ಹೇಳಬೇಕಿತ್ತು.
ಬ್ರೋಡಿಯ ಹೆಸರು ಬರೆಯಲಿಲ್ಲ. ಕಷ್ಟವಾಯಿತು.

ಸಂಜೆ ಅವಳ ಬೀದಿಯಲ್ಲಿ ಇಳಿದೆ.
ಬೆಲ್ಲು ಒತ್ತಲಿಲ್ಲ.
ಕಿಂಡಿ ಎತ್ತಿ ಹಾಳೆ ತಳ್ಳಿದೆ.
ಒಳಗೆ ಟಿವಿ ಹಾಡುತ್ತಿತ್ತು; ಥಟ್ಟನೆ ನಿಂತಿತು.
ಕಿಂಡಿಯ ಸ್ಪ್ರಿಂಗು ಹೊಸದಿರಬೇಕು,
ಹೆಬ್ಬೆಟ್ಟನ್ನು ಕಚ್ಚಿತು.
ತಕ್ಷಣ ಎಳೆದುಕೊಳ್ಳಲಿಲ್ಲ.

ಅರ್ಜಿ ಚೀಲದಲ್ಲೇ ಇದೆ.
ಹನ್ನೊಂದನೆಯ ಪುಟದ ಆ 'ಇಲ್ಲ'ವನ್ನು
ಇನ್ನೂ ಹೊಡೆದುಹಾಕಿಲ್ಲ.